ಕಡ್ಲೆಪುರಿ ತಿನ್ನೋ ಸ್ವಾತಂತ್ರ್ಯ ನನಗಿದೆ, ಬಾಮೈದನಿಗೋಸ್ಕರ ಅದನ್ನ ಬಿಡಬೇಕಾ?

ಪ್ರಶ್ನೆ: ನಾನು ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತೇನೆ. ಹುಟ್ಟಿನಿಂದ ಕ್ರೈಸ್ತ. ಮೊದಲು ತುಂಬಾ ಕಟ್ಟುನಿಟ್ಟಿನ ಸಭೆಯಲ್ಲಿದ್ದೆ. ಸಿನಿಮಾ ಕೂಡದು, ಒಡವೆ ಕೂಡದು, ಹಬ್ಬದ ಮನೆಯಲ್ಲಿ ನೀರು ಕೂಡ ಕುಡಿಯಬಾರದು. ಬೈಬಲಿನಲ್ಲಿರುವ ಗಲಾತ್ಯದ ಪತ್ರ ಓದಿದ ಮೇಲೆ ಕಣ್ಣು ತೆರೆಯಿತು, ಅಲ್ಲಿಂದ ಹೊರಗೆ ಬಂದೆ. ಕಳೆದ ಆಯುಧ ಪೂಜೆಗೆ ಜೊತೆಯವರು ಕೊಟ್ಟ ಕಡ್ಲೆಪುರಿ, ಸಿಹಿ ತಿಂದೆ. ನನ್ನ ಹೆಂಡತಿಯ ತಮ್ಮನೂ ಅಲ್ಲೇ ಕೆಲಸ ಮಾಡುತ್ತಾನೆ. ಅವರದು ಹಿಂದೂ ಮನೆ, ಇವನು ದೀಕ್ಷಾಸ್ನಾನ ತೆಗೆದುಕೊಂಡು ಮೂರು ವರ್ಷ ಆಯಿತು. ನಾನು ತಿನ್ನುವುದನ್ನು ನೋಡಿ ಅವನೂ ತಿಂದ. ಆಮೇಲೆ ಮಾತು ಬಿಟ್ಟ, ಮನೆ ಪ್ರಾರ್ಥನೆಗೂ ಬರುತ್ತಿಲ್ಲ. ಕ್ರಿಸ್ತನು ನನ್ನನ್ನು ಬಿಡುಗಡೆ ಮಾಡಿದ ಮೇಲೆ ಇನ್ನೊಬ್ಬನ ಮನಸ್ಸಾಕ್ಷಿ ನನಗೆ ಯಾಕೆ ಬೇಲಿ ಹಾಕಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ಮೊದಲು ನೇರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಆ ಕಡ್ಲೆಪುರಿಯಿಂದ ನಿಮ್ಮ ರಕ್ಷಣೆಗೆ ಏನೂ ಆಗಿಲ್ಲ. ತಿಂದರೆ ದೇವರಿಗೆ ದೂರ ಆಗಲ್ಲ, ಬಿಟ್ಟರೆ ಹತ್ತಿರ ಆಗಲ್ಲ ಅನ್ನುವ ಅರ್ಥದ ಮಾತನ್ನು ಗಲಾತ್ಯದ ಪತ್ರ ಬರೆದ ಅಪೊಸ್ತಲ ಪೌಲನೇ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ, 1 ಕೊರಿಂಥ 8:8ರಲ್ಲಿ, ಬರೆದಿದ್ದಾನೆ. ಹಳೆಯ ಸಭೆಯ ಕಟ್ಟುಪಾಡುಗಳಿಂದ ನೀವು ಹೊರಗೆ ಬಂದಿದ್ದು ಒಳ್ಳೆಯದೇ ಆಯಿತು. ಅದರಲ್ಲಿ ನನಗೆ ಎರಡು ಮಾತಿಲ್ಲ.

ಆದರೆ ನೀವು ಗಲಾತ್ಯ 5:1ಕ್ಕೇ ನಿಂತುಬಿಟ್ಟಿದ್ದೀರಿ ಅನ್ನಿಸಿತು. ಮತ್ತೆ ದಾಸತ್ವದ ನೊಗಕ್ಕೆ ಕತ್ತು ಕೊಡಬೇಡಿ ಅನ್ನುವ ವಚನ ಅದು. ಅಲ್ಲಿಂದ ಹನ್ನೆರಡು ವಚನ ಮುಂದೆ ಹೋಗಿ. ನಿಮ್ಮನ್ನು ಸ್ವಾತಂತ್ರ್ಯಕ್ಕೇ ಕರೆದದ್ದು, ಆದರೆ ಅದನ್ನು ಶರೀರಭಾವಕ್ಕೆ ಆಸ್ಪದ ಮಾಡಿಕೊಳ್ಳದೆ ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಅನ್ನುತ್ತಾನೆ. ಬರೆದವನೂ ಅವನೇ, ಪತ್ರವೂ ಅದೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡೋಕಾಗಲ್ಲ, ಅಲ್ವಾ?

ಗಲಾತ್ಯ ಅಂದರೆ ಇವತ್ತಿನ ಟರ್ಕಿ ದೇಶದ ನಡುಭಾಗ. ಪೌಲ ಅಲ್ಲಿ ಸುವಾರ್ತೆ ಸಾರಿ ಹೋದ ಮೇಲೆ ಬೇರೆ ಕೆಲವರು ಬಂದರು. ಯೇಸುವನ್ನು ನಂಬಿದರೆ ಸಾಲದು, ಸುನ್ನತಿ ಮಾಡಿಸಿಕೊಳ್ಳಬೇಕು, ಯೆಹೂದ್ಯರ ಧರ್ಮಶಾಸ್ತ್ರದ ದಿನ, ತಿಂಗಳು ಎಲ್ಲಾ ಆಚರಿಸಬೇಕು ಅಂತ ಹೇಳಿಕೊಟ್ಟರು. ಅದಕ್ಕೆ ಪೌಲನಿಗೆ ಸಿಟ್ಟು ಬಂತು. ಆ ಪತ್ರದಷ್ಟು ಬಿಸಿ ಅವನ ಬೇರೆ ಪತ್ರಗಳಲ್ಲಿ ಕಾಣುವುದು ಅಪರೂಪ. ಅಂಥ ಪತ್ರದಲ್ಲೇ, ಸ್ವಾತಂತ್ರ್ಯಕ್ಕಾಗಿ ಅಷ್ಟು ಜಗಳ ಆಡಿದ ಮೇಲೆ, ಈ 13ನೇ ವಚನ ಬರುತ್ತದೆ.

ನಮ್ಮ ಕನ್ನಡ ಸತ್ಯವೇದದಲ್ಲಿ ಅಲ್ಲಿ 'ಸೇವೆ' ಅಂತಿದೆ. ಒಳ್ಳೆಯ ಪದವೇ, ಆದರೆ ಕಿವಿಗೆ ಸ್ವಲ್ಪ ಮೃದು. ಗ್ರೀಕಿನಲ್ಲಿ ಪೌಲ ಬಳಸಿದ ಕ್ರಿಯಾಪದ 'ದೂಲೆವೊ'. ಅಂದರೆ ದಾಸನಾಗಿ ದುಡಿಯುವುದು. 5:1ರ ದಾಸತ್ವದ ನೊಗ ಇದೆಯಲ್ಲ, ಆ ಪದದ ಬೇರೂ ಇದೇ. ನಮಗೆ ದಾಸ ಅಂದ ತಕ್ಷಣ ಪುರಂದರದಾಸರು, ಕನಕದಾಸರು ನೆನಪಾಗುತ್ತಾರೆ, ಆ ಪದಕ್ಕೆ ನಮ್ಮಲ್ಲಿ ಒಂದು ಗೌರವವೇ ಇದೆ. ಪೌಲನ ಪತ್ರ ಕೇಳಿಸಿಕೊಂಡವರಿಗೆ ಅದು ಸಂತೆಯಲ್ಲಿ ಬೇರೆಯವರು ಕೊಂಡು ಮಾರುತ್ತಿದ್ದ ಮನುಷ್ಯ. ಅಂಥವರೂ ಆ ಕಾಲದ ಸಭೆಗಳಲ್ಲಿ ಕೂತಿರುತ್ತಿದ್ದರು, ಅವರ ಯಜಮಾನರೂ ಕೂತಿರುತ್ತಿದ್ದರು. ಇಬ್ಬರ ಮುಂದೆಯೂ ಈ ಮಾತನ್ನು ಓದಿ ಹೇಳಿದಾಗ ಯಜಮಾನನಿಗೆ ಎಷ್ಟು ಕಷ್ಟ ಆಗಿರಬೇಕು, ಯೋಚನೆ ಮಾಡಿ. ಯಾರದೂ ಆಳಲ್ಲ ಅಂತ ಬಿಡಿಸಿಕೊಂಡ ಮೇಲೆ, ಬಲವಂತ ಇಲ್ಲದೆ, ಪ್ರೀತಿಗೆ ಕಟ್ಟುಬಿದ್ದು, ಎದುರಿಗಿರುವವನಿಗೆ ಆಳಾಗುವುದು. ಪೌಲ ಹೇಳುವ ಸ್ವಾತಂತ್ರ್ಯಕ್ಕೆ ಇರುವ ಕೆಲಸವೇ ಅದು.

ಇನ್ನೊಂದು ಪದ 'ಆಸ್ಪದ'. ಗ್ರೀಕಿನಲ್ಲಿ 'ಅಫೊರ್ಮೆ'. ಸೈನ್ಯ ದಾಳಿಗೆ ಹೊರಡೋಕೆ ಮಾಡಿಕೊಳ್ಳುವ ನೆಲೆಗೆ ಆ ಪದ ಹೇಳುತ್ತಿದ್ದರು. ಶರೀರಭಾವ ಅಂದರೆ ನಾವು ಕುಡಿತ, ವ್ಯಭಿಚಾರ ಇಷ್ಟೇ ಅಂದುಕೊಳ್ಳುತ್ತೇವೆ. ಪೌಲನ ಪಟ್ಟಿ ಮುಂದೆ 5:20ರಲ್ಲಿದೆ, ಓದಿ ನೋಡಿ. ಹಗೆತನ, ಜಗಳ, ಹೊಟ್ಟೆಕಿಚ್ಚು, ಸಿಟ್ಟು, ಪಂಗಡ ಕಟ್ಟುವುದು ಎಲ್ಲಾ ಅದೇ ಸಾಲಿನಲ್ಲಿವೆ. ನಾನು ತಿಳಿದವನು, ಅವನಿಗೆ ಗೊತ್ತಿಲ್ಲ ಅಂತ ಮನಸ್ಸಿನ ಮೂಲೆಯಲ್ಲಿ ಕೂತಿರುತ್ತಲ್ಲ ಒಂದು ಮಾತು, ಅದಕ್ಕೂ ನಮ್ಮ ಸ್ವಾತಂತ್ರ್ಯ ನೆಲೆ ಆಗಿಬಿಡಬಹುದು. ನಿಮ್ಮನ್ನು ಚುಚ್ಚೋಕೆ ಹೇಳ್ತಿಲ್ಲ. ನಾನೂ ಅಲ್ಲಿ ಎಡವಿದವನೇ, ಅದನ್ನ ಮುಂದೆ ಹೇಳುತ್ತೇನೆ.

ನಿಮ್ಮ ಕಡ್ಲೆಪುರಿಗೆ ಹತ್ತಿರದ ವಿಷಯ ಗ್ರೀಸಿನ ಕೊರಿಂಥ ಪಟ್ಟಣದಲ್ಲಿದೆ. ಅಲ್ಲಿ ದೇವಸ್ಥಾನ ಅಂದರೆ ಪೂಜೆಯ ಜಾಗ ಮಾತ್ರ ಅಲ್ಲ, ಊಟದ ಜಾಗ ಕೂಡ. ಗ್ರೀಕರ ವೈದ್ಯದೇವರು ಅಸ್ಕ್ಲೀಪಿಯಸ್‌ನ ಗುಡಿಯ ಹತ್ತಿರ ಅಗೆದಾಗ ಮೂರು ಊಟದ ಕೋಣೆಗಳು ಸಿಕ್ಕಿವೆ, ಒಂದೊಂದರಲ್ಲಿ ಗೋಡೆಗೆ ಒತ್ತಿ 11 ಜನ ಒರಗಿಕೊಂಡು ಉಣ್ಣುವಷ್ಟು ಮಂಚಗಳು. ಗುಡಿಯಲ್ಲಿ ಬಲಿ ಕೊಟ್ಟ ಮಾಂಸ ಅಂಗಡಿಗೂ ಬರುತ್ತಿತ್ತು. ನೆಂಟರು ಕರೆದರೆ ಏನು ಮಾಡೋದು, ಮಾಲೀಕ ಕರೆದರೆ ಏನು ಮಾಡೋದು ಅನ್ನೋದು ಅಲ್ಲಿಯ ವಿಶ್ವಾಸಿಗಳಿಗೆ ದಿನದ ಪ್ರಶ್ನೆ. ನಮ್ಮೂರಿನ ಕ್ರೈಸ್ತರಿಗೆ ಇದನ್ನ ಜಾಸ್ತಿ ವಿವರಿಸಬೇಕಾಗಿಲ್ಲ. ಗೌರಿ ಹಬ್ಬದ ಬಾಗಿನ, ರಾಮನವಮಿಯ ಪಾನಕ, ಪಕ್ಕದ ಮನೆಯವರು ಧರ್ಮಸ್ಥಳದಿಂದ ತಂದ ಪ್ರಸಾದ. ಕೊರಿಂಥದವರ ಪ್ರಶ್ನೆ ನಮ್ಮ ಹೊಸ್ತಿಲಿಗೇ ಬಂದು ನಿಂತಿರುತ್ತದೆ.

ಆ ಸಭೆಯಲ್ಲಿ ತಿಳಿದವರು ಇದ್ದರು. ವಿಗ್ರಹ ಅನ್ನುವುದು ಏನೂ ಅಲ್ಲ, ಇರುವವನು ಒಬ್ಬನೇ ದೇವರು, ಹಾಗಾದ ಮೇಲೆ ಮಾಂಸ ಬರೀ ಮಾಂಸ. ಇದು ಅವರ ವಾದ. ಪೌಲ ಆ ವಾದವನ್ನು ತಪ್ಪು ಅನ್ನಲಿಲ್ಲ. ಬೇರೆ ಕಡೆ ಕೈ ತೋರಿಸಿದ. ನಿನ್ನ ಪಕ್ಕದಲ್ಲಿ ಕೂತಿರುವವನನ್ನು ನೋಡು ಅಂದ. ಅವನು ನಿನ್ನೆ ಮೊನ್ನೆವರೆಗೂ ಆ ವಿಗ್ರಹಕ್ಕೆ ಕೈಮುಗಿದವನು. ಆ ಮಾಂಸ ಬಾಯಿಗೆ ಹೋದರೆ ಅವನಿಗೆ ಹಳೆಯದೆಲ್ಲಾ ವಾಪಸ್ ಬರುತ್ತದೆ. ನೀನು ತಿನ್ನೋದನ್ನ ನೋಡಿ ಧೈರ್ಯ ಮಾಡಿ ಅವನೂ ತಿಂತಾನೆ, ಆದರೆ ಅವನ ಮನಸ್ಸಾಕ್ಷಿ ಬೇಡ ಅಂತಿರುತ್ತೆ. ನಿನ್ನ ತಿಳುವಳಿಕೆಯಿಂದ ಅವನು ಹಾಳಾಗುತ್ತಾನೆ, ಕ್ರಿಸ್ತನು ಸತ್ತದ್ದು ಅವನಿಗೋಸ್ಕರವೂ ಅಲ್ಲವೇ ಅನ್ನುವುದು 8:11ರ ಮಾತು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ವಾಕ್ಯ. ನಾನು ತಿನ್ನುವುದನ್ನು ನೋಡಿ ಅವನೂ ತಿಂದ ಅಂತ ಬರೆದಿದ್ದೀರಿ. ಅವನು ನಿಮ್ಮ ಮೇಲೆ ಸಿಟ್ಟಾಗಿದ್ದಾನೆ ಅಂದುಕೊಂಡಿದ್ದೀರಿ. ಆ ಸಿಟ್ಟು ಅವನಿಗೆ ಅವನ ಮೇಲೆಯೇ ಇರಬಹುದು. ಅವತ್ತಿನ ದಿನ ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಹಿಂದಿನ ದಿನವೇ ಲೇತ್, ಡ್ರಿಲ್ಲಿಂಗ್ ಮಿಷನ್ ಎಲ್ಲಾ ಒರೆಸಿ, ಗ್ರೀಸ್ ತೆಗೆದು ಫಳಫಳ ಮಾಡಿರುತ್ತೀರಿ. ಬಾಗಿಲಿಗೆ ಬಾಳೆಕಂದು, ಮಾವಿನ ಸೊಪ್ಪು. ಮಿಷನ್‌ಗೆ ಅರಿಶಿನ ಕುಂಕುಮ, ಚೆಂಡು ಹೂವು. ಮಂಗಳಾರತಿ ಆಗಿ, ಹೊರಗೆ ಬೂದುಗುಂಬಳಕಾಯಿ ಒಡೆದು, ಆಮೇಲೆ ಕಡ್ಲೆಪುರಿ ಹಂಚುತ್ತಾರೆ. ನಿಮಗೆ ಅದು ಜೊತೆಯವರು ಪ್ರೀತಿಯಿಂದ ಕೊಟ್ಟ ತಿಂಡಿ. ಹುಟ್ಟಿದಾಗಿನಿಂದ ನಿಮಗೆ ಅದು ಬೇರೇನೂ ಆಗಿಲ್ಲ. ಅವನು ಚಿಕ್ಕಂದಿನಿಂದ ಅದನ್ನು ಕಣ್ಣಿಗೆ ಒತ್ತಿಕೊಂಡು ತಿಂದವನು. ಮೂರು ವರ್ಷದ ಹಿಂದೆ ಅಪ್ಪ ಅಮ್ಮನ ಎದುರು ನಿಂತು, ಬೈಸಿಕೊಂಡು, ಇನ್ನು ನನಗೆ ಬೇಡ ಅಂದಿರುತ್ತಾನೆ. ಅಂಥವನು ಭಾವನ ಮುಖ ನೋಡಿದ. ಭಾವನೇ ತಿಂತಿದ್ದಾರಲ್ಲ ಅಂತ ಕೈ ಚಾಚಿದ. ಅವನು ಅವತ್ತು ರಾತ್ರಿ ಹೇಗೆ ಮಲಗಿರಬಹುದು ಅಂತ ನಾನು ಯೋಚಿಸುತ್ತಾ ಕೂತೆ.

ನಾನು ಎಡವಿದ್ದು ಇಲ್ಲೇ. ಆಗ ನನಗೆ ಸಭಾಪಾಲಕನ ಕೆಲಸ ಹೊಸದು. ಹಳೆಯ ಮನೆ, ಮಳೆಗಾಲ, ಗೋಡೆಯೆಲ್ಲಾ ತೇವ ಹಿಡಿದು ಮುಗ್ಗಲು ವಾಸನೆ. ಸಾಯಂಕಾಲ ಎರಡು ಊದುಬತ್ತಿ ಹಚ್ಚಿಡುತ್ತಿದ್ದೆ, ವಾಸನೆ ಹೋಗಲಿ ಅಂತ, ಅಷ್ಟೇ. ಬುಧವಾರದ ಪ್ರಾರ್ಥನೆಗೆ ಒಬ್ಬರು ಅಜ್ಜಿ ಬರುತ್ತಿದ್ದರು. ಅವತ್ತು ಹೊಸ್ತಿಲ ತನಕ ಬಂದರು, ನಿಂತರು, ಸೆರಗಿನಿಂದ ಮೂಗು ಮುಚ್ಚಿಕೊಂಡರು, ವಾಪಸ್ ಹೋದರು. ಮುಂದಿನ ವಾರವೂ ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ. ನನಗೆ ಬೇಜಾರಾಯಿತು. ಊದುಬತ್ತಿಯಲ್ಲಿ ಏನಿದೆ, ಇದ್ದಲು ಪುಡಿ, ಒಂದಿಷ್ಟು ಸುವಾಸನೆ, ಇಷ್ಟು ತಿಳಿಯಲ್ವಾ ಅಂತ ಮನೆಯವರ ಹತ್ತಿರ ಅಂದೆ. ಎರಡು ತಿಂಗಳ ಮೇಲೆ ಅವರ ಮನೆಗೆ ಹೋದಾಗ ಅಜ್ಜಿ ಹೇಳಿದರು: "ಅಯ್ಯನೋರೇ, ನಲವತ್ತು ವರ್ಷ ದಿನಾ ಹಚ್ಚಿದ ಕೈ ಇದು. ಆ ವಾಸನೆ ಬಂದ್ರೆ ನನ್ನ ಕೈ ತಾನಾಗೇ ಮುಗಿಯೋಕ್ಕೆ ಹೋಗುತ್ತೆ. ಆಮೇಲೆ ರಾತ್ರಿಯೆಲ್ಲಾ ನಿದ್ದೆ ಬರಲ್ಲ, ಯೇಸಪ್ಪನಿಗೆ ಮೋಸ ಮಾಡ್ದೆ ಅಂತ." ನಾನು ಏನೂ ಮಾತಾಡಲಿಲ್ಲ. ಮನೆಗೆ ಬಂದು ಊದುಬತ್ತಿ ಪ್ಯಾಕೆಟ್ ತೆಗೆದು ಹಾಕಿದೆ. ಇವತ್ತಿಗೂ ನಮ್ಮ ಮನೆಯಲ್ಲಿ ಹಚ್ಚುವುದಿಲ್ಲ. ಅದರಿಂದ ನನಗೆ ಏನೂ ಕಡಿಮೆ ಆಗಿಲ್ಲ. ಗೋಡೆಗೆ ಸುಣ್ಣ ಹೊಡೆಸಿದೆ, ವಾಸನೆ ಹೋಯಿತು.

ಈಗ ನೀವು ಕೇಳಬಹುದು, ಹಾಗಾದರೆ ಯಾರು ಮುಖ ಗಂಟು ಹಾಕಿಕೊಂಡರೂ ನಾನು ಬಗ್ಗಬೇಕಾ, ಹಳೆಯ ಸಭೆಯ ಹಿರಿಯರೂ ಹೀಗೇ ತಾನೇ ನನ್ನನ್ನು ಕಟ್ಟಿಹಾಕಿದ್ದು ಅಂತ. ನ್ಯಾಯವಾದ ಪ್ರಶ್ನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಲಹೀನರಿಗಾಗಿ, ಅಂದರೆ ವಿಶ್ವಾಸದಲ್ಲಿ ಇನ್ನೂ ಗಟ್ಟಿಯಾಗದವರಿಗಾಗಿ, ಬಿಟ್ಟುಕೊಡಿ ಅನ್ನುವ ಮಾತನ್ನು ಹಿಡಿದು ಸಭೆಗಳಲ್ಲಿ ತುಂಬಾ ಜನರನ್ನು ತುಳಿದಿದ್ದಾರೆ.

ಪೌಲನ ಜೊತೆ ತೀತ ಅಂತ ಒಬ್ಬ ಇದ್ದ, ಗ್ರೀಕನು. ಅವನಿಗೆ ಸುನ್ನತಿ ಆಗಲೇಬೇಕು ಅಂತ ಯೆರೂಸಲೇಮಿನಲ್ಲಿ ಕೆಲವರು ಹಿಡಿದ ಹಾಗಿದೆ. ಪೌಲ ಒಂದು ಗಳಿಗೆ ಕೂಡ ಬಗ್ಗಲಿಲ್ಲ, ಗಲಾತ್ಯ 2ರಲ್ಲಿದೆ. ಅದೇ ಪೌಲ ಲುಸ್ತ್ರ ಅನ್ನುವ ಊರಿನ ಹುಡುಗ ತಿಮೊಥೆಗೆ ತಾನೇ ಸುನ್ನತಿ ಮಾಡಿಸಿದ, ಅಪೊಸ್ತಲರ ಕೃತ್ಯ 16:3. ತಿಮೊಥೆಯ ತಾಯಿ ಯೆಹೂದ್ಯಳು, ತಂದೆ ಗ್ರೀಕನು. ಅವನು ಹಾಗೇ ಬಂದರೆ ಆ ಕಡೆಯ ಯೆಹೂದ್ಯರು ಸುವಾರ್ತೆಗೆ ಕಿವಿ ಕೊಡೋದೇ ಕಷ್ಟ ಆಗುತ್ತಿತ್ತು. ಒಂದು ಕಡೆ ಬೇಡವೇ ಬೇಡ, ಇನ್ನೊಂದು ಕಡೆ ಆಗಲಿ. ಮೇಲ್ನೋಟಕ್ಕೆ ಇದು ಗೊಂದಲ ಅನ್ನಿಸುತ್ತದೆ. ಆದರೆ ತೀತನ ವಿಷಯದಲ್ಲಿ ಕೇಳಿದವರು ಇದಿಲ್ಲದೆ ನೀನು ದೇವರ ಜನ ಅಲ್ಲ ಅನ್ನುತ್ತಿದ್ದರು, ಕೃಪೆಗೇ ಒಂದು ಷರತ್ತು ಹಾಕುತ್ತಿದ್ದರು. ಅಲ್ಲಿ ಬಗ್ಗಿದರೆ ಸುವಾರ್ತೆಯೇ ಹೋಯಿತು. ತಿಮೊಥೆಯ ವಿಷಯದಲ್ಲಿ ಹಾಗೆ ಷರತ್ತು ಹಾಕಿದವರು ಯಾರೂ ಇಲ್ಲ, ಬೇರೆಯವರನ್ನು ಮುಟ್ಟೋಕೆ ಪೌಲ, ತಿಮೊಥೆ ಇಬ್ಬರೂ ಬಿಟ್ಟುಕೊಟ್ಟರು.

ಅಂತಿಯೋಕ್ಯ ಪಟ್ಟಣದಲ್ಲಿ ಯೇಸುವಿನ ಶಿಷ್ಯ ಪೇತ್ರನನ್ನು ಪೌಲ ಮುಖಕ್ಕೆ ಮುಖ ಕೊಟ್ಟು ಎದುರಿಸಿದ್ದೂ ಇದಕ್ಕೇ. ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಕೂತು ಊಟ ಮಾಡುತ್ತಿದ್ದ. ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯ ಯೆಹೂದ್ಯರು ಬಂದ ಕೂಡಲೇ ಎದ್ದು ಬೇರೆ ಹೋದ. ಬಲಹೀನರ ಮೇಲಿನ ಪ್ರೀತಿಯಿಂದ ಹೋದದ್ದಲ್ಲ, ಭಯದಿಂದ ಹೋದದ್ದು. ತಟ್ಟೆಯ ಮುಂದೆ ಕೂತಿದ್ದ ಅನ್ಯಜನರ ಗತಿ ಏನು? ಅವರಿಗೆ ಎಷ್ಟು ಅವಮಾನ ಆಗಿರಬೇಡ! ಪಂಕ್ತಿಭೇದ ಅಂದರೆ ಏನು ಅಂತ ನಮ್ಮ ನಾಡಿನಲ್ಲಿ ಹುಟ್ಟಿದವರಿಗೆ ಗೊತ್ತು, ನಮ್ಮ ಎಷ್ಟೋ ಸಭೆಗಳಿಗೂ ಜಾತಿಯ ಆ ಗಾಯ ಇದೆ. ಅಲ್ಲಿ ಪೇತ್ರ ಕೂತೇ ಇರಬೇಕಿತ್ತು. ಪ್ರೀತಿ ಅವನಿಂದ ಕೇಳಿದ್ದು ಅದನ್ನೇ.

ಹಾಗಾಗಿ ನಿಮ್ಮ ಹಳೆಯ ಸಭೆಯ ಹಿರಿಯರು ಬಂದು, ಕಡ್ಲೆಪುರಿ ತಿಂದರೆ ನೀನು ನರಕಕ್ಕೆ ಹೋಗ್ತೀಯ, ನಿನ್ನ ಹೆಂಡತಿ ಬಳೆ ತೆಗೆದರೆ ಮಾತ್ರ ಪವಿತ್ರ ಸಂಸ್ಕಾರದ ರೊಟ್ಟಿ, ದ್ರಾಕ್ಷಾರಸ ಕೊಡ್ತೀವಿ ಅಂದರೆ, ಗೌರವದಿಂದ ಆಗಲ್ಲ ಅನ್ನಿ. ಅವರ ಮನಸ್ಸಾಕ್ಷಿ ಬಲಹೀನವಾಗಿದೆ ಅಂತ ನನಗೆ ಅನ್ನಿಸುವುದಿಲ್ಲ. ಅವರು ತಿಂದು ಬೀಳುವವರಲ್ಲ, ನಿಮ್ಮನ್ನು ಆಳಬೇಕು ಅನ್ನುವವರು. ನಿಮ್ಮ ಬಾಮೈದ ನಿಮ್ಮನ್ನು ಆಳೋಕೆ ಬಂದಿಲ್ಲ, ಅವನು ಬೀಳುತ್ತಿದ್ದಾನೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಸರಿ ಇದ್ದರೂ ಪ್ರೀತಿ ಇಲ್ಲದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಸಭೆಯ ಚರಿತ್ರೆಯಲ್ಲಿ ಒಂದು ಒಳ್ಳೆಯ ಪಾಠ ಇದೆ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದ. ಕ್ರೈಸ್ತ ಯಾರ ಕೈಕೆಳಗೂ ಇಲ್ಲದ ಒಡೆಯ, ಎಲ್ಲರ ಕೈಕೆಳಗೂ ಇರುವ ಸೇವಕ, ಎರಡೂ ನಿಜ ಅನ್ನುವುದು ಅದರ ಸಾರ. ಎರಡು ವರ್ಷದೊಳಗೇ ಅದಕ್ಕೆ ಪರೀಕ್ಷೆ ಬಂತು. ಅವನು ವಾರ್ಟ್‌ಬರ್ಗ್ ಕೋಟೆಯಲ್ಲಿ ತಲೆಮರೆಸಿಕೊಂಡಿದ್ದಾಗ ಅವನ ಊರು ವಿಟೆನ್‌ಬರ್ಗ್‌ನಲ್ಲಿ ಜೊತೆಯವರು ಒಂದೇ ಸಮ ಬದಲಾವಣೆ ಶುರು ಮಾಡಿದರು. ಆರಾಧನೆ ಕ್ರಮ ಬದಲಾಯಿತು, ಚರ್ಚಿನ ಚಿತ್ರಗಳನ್ನು ಕಿತ್ತರು, ಹಳೆಯದಕ್ಕೆ ಅಂಟಿಕೊಂಡಿದ್ದ ಸಾಮಾನ್ಯ ಜನ ದಿಕ್ಕು ಕಾಣದ ಹಾಗಾದರು. ಲೂಥರ್ ಅಪಾಯ ಲೆಕ್ಕಿಸದೆ ವಾಪಸ್ ಬಂದು, 1522ರ ಮಾರ್ಚ್ 9ರಿಂದ ಎಂಟು ದಿನ ಪ್ರಸಂಗ ಮಾಡಿದ. ನೀವು ಮಾಡಿದ ಎಷ್ಟೋ ಕೆಲಸ ಸರಿಯೇ, ಆದರೆ ನಿಮ್ಮಲ್ಲಿ ಪ್ರೀತಿ ಕಾಣಲಿಲ್ಲ, ಬಲಹೀನರಿಗೆ ನೀವು ಕಾಯಲಿಲ್ಲ ಅನ್ನುವುದೇ ಅವನ ದೂರು. ಮಗುವಿಗೆ ಮೊದಲು ಹಾಲು, ಆಮೇಲೆ ತಾನೇ ಗಟ್ಟಿ ಊಟ ಅಂದ.

ವಿಶ್ವಾಸದಲ್ಲಿ ನಿಮ್ಮ ಬಾಮೈದನಿಗೆ ಈಗ ಮೂರು ವರ್ಷ. ಅವನೂ ಬೆಳೆಯುತ್ತಾನೆ. ಬೆಳೆದ ಮೇಲೆ ಅವನು ತಿನ್ನಬಹುದು, ತಿನ್ನದೇ ಇರಬಹುದು. ಎರಡೂ ಅವನಿಗೂ ಕರ್ತನಿಗೂ ಬಿಟ್ಟದ್ದು.

ಇಷ್ಟಾದರೆ ಬಿಡುವುದರ ಮಾತಷ್ಟೇ ಆಯಿತು. ಪೌಲ ಪ್ರೀತಿಯಿಂದ ಬಿಟ್ಟುಕೊಡಿ ಅಂತ ಮಾತ್ರ ಹೇಳಲಿಲ್ಲ, ಸೇವೆ ಮಾಡಿ ಅಂದ. ಕೊರಿಂಥದಲ್ಲಿ ಸಭೆಯಿಂದ ಸಂಬಳ ತೆಗೆದುಕೊಳ್ಳುವ ಹಕ್ಕು ತನಗಿದೆ ಅಂತ 1 ಕೊರಿಂಥ 9ರಲ್ಲಿ ಉದ್ದಕ್ಕೂ ವಾದ ಮಾಡಿ, ಕೊನೆಗೆ ಆ ಹಕ್ಕು ಬಳಸಲಿಲ್ಲ ಅನ್ನುತ್ತಾನೆ. ಆದರೆ ಸುಮ್ನೆ ಕೂರಲಿಲ್ಲ. ಅಕ್ವಿಲ, ಪ್ರಿಸ್ಕಿಲ್ಲ ಅವರ ಜೊತೆ ಡೇರೆ ಮಾಡುವ ಕೆಲಸಕ್ಕೆ ಕೂತ. ದುಡಿದು ಒರಟಾದ ಕೈಗಳಿಂದಲೇ ಸುವಾರ್ತೆಯನ್ನು ಪುಕ್ಕಟೆ ಕೊಟ್ಟ. ನೀವೂ ಕೈಯಿಂದ ದುಡಿಯುವವರು, ನಿಮಗೆ ಇದು ನನಗಿಂತ ಚೆನ್ನಾಗಿ ಅರ್ಥ ಆಗುತ್ತದೆ.

ಹಳೆಯ ಸಭೆಯಲ್ಲಿ ನಿಮ್ಮ ಎಷ್ಟು ಸಾಯಂಕಾಲಗಳು ಹೋಗುತ್ತಿದ್ದವು? ಈಗ ಅವು ನಿಮ್ಮ ಕೈಯಲ್ಲಿವೆ. ಅದರಲ್ಲಿ ವಾರಕ್ಕೊಂದು ಬಾಮೈದನಿಗೆ ಕೊಡಿ. ಹೊಸದಾಗಿ ವಿಶ್ವಾಸಕ್ಕೆ ಬಂದವನು ಒಂಟಿ. ಅವನ ಮನೆಯವರ ಹಬ್ಬಕ್ಕೆ ಅವನು ಪೂರ್ತಿ ಸೇರಲ್ಲ, ನಮ್ಮ ಕ್ರಿಸ್ಮಸ್ಸಿಗೆ ಇನ್ನೂ ಒಗ್ಗಿಲ್ಲ. ನಾವು ಅವನಿಗೆ ವಚನ ಕೊಡುತ್ತೇವೆ, ಜೊತೆ ಕೊಡುವುದಿಲ್ಲ. ಅವನ ಅಪ್ಪ ಅಮ್ಮನ ಜೊತೆ ಸಂಬಂಧ ಕೆಟ್ಟಿದ್ದರೆ ಅದನ್ನು ಸರಿ ಮಾಡೋಕೆ ಅಳಿಯನಾಗಿ ನೀವು ಓಡಾಡಿ. ಒಬ್ಬರ ಭಾರ ಒಬ್ಬರು ಹೊತ್ತುಕೊಳ್ಳಿ ಅನ್ನುವ 6:2 ಕೂಡ ಇದೇ ಪತ್ರದಲ್ಲಿದೆ.

ಸೇವೆ ಅಂದಾಗ ಇನ್ನೊಂದು ಮಾತು ಹೇಳದೇ ಇರೋಕಾಗಲ್ಲ. ಒಬ್ಬರಿಗೊಬ್ಬರು ಅಂತಿದೆ ಅಲ್ಲಿ. ನಮ್ಮ ಸಭೆಗಳಲ್ಲಿ ಪ್ರೀತಿ ಭೋಜನ ಆದ ಮೇಲೆ ಪಾತ್ರೆ ತೊಳೆಯೋರು ಯಾವಾಗಲೂ ಅದೇ ನಾಲ್ಕು ಹೆಂಗಸರು, ಗಂಡಸರು ಹೊರಗೆ ಕುರ್ಚಿ ಹಾಕಿಕೊಂಡು ಸ್ವಾತಂತ್ರ್ಯದ ಬಗ್ಗೆ ಮಾತಾಡುತ್ತಾ ಕೂತಿರುತ್ತಾರೆ. ಒಂದೇ ಕಡೆಯಿಂದ ಆಗುವ ಸೇವೆಗೆ ಪೌಲ ಕರೆದಿಲ್ಲ. ಮುಂದಿನ ಸಲ ನೀವು ಎದ್ದು ತೋಳು ಮಡಚಿ ಹೋಗಿ.

ನಿಮ್ಮ ಹಿಂದೂ ಗೆಳೆಯರ ವಿಷಯಕ್ಕೆ ಬರುತ್ತೇನೆ. ಪೂಜೆಯಲ್ಲಿ ಭಾಗಿಯಾಗುವುದು ಬೇರೆ, ಗೆಳೆಯರು ಕೊಟ್ಟಿದ್ದನ್ನು ತಿನ್ನುವುದು ಬೇರೆ. ಮೊದಲನೆಯದಕ್ಕೆ 1 ಕೊರಿಂಥ 10ರಲ್ಲಿ ಪೌಲ ಸ್ಪಷ್ಟವಾಗಿ ಬೇಡ ಅಂದಿದ್ದಾನೆ. ಎರಡನೆಯದಕ್ಕೆ ಊಟಕ್ಕೆ ಕರೆದರೆ ಹೋಗಿ, ಕೇಳದೆ ತಿನ್ನಿ, ಆದರೆ ಇದು ಅರ್ಪಿಸಿದ್ದು ಅಂತ ಯಾರಾದರೂ ಹೇಳಿದರೆ ಅವನ ಮನಸ್ಸಾಕ್ಷಿಗಾಗಿ ಬಿಡಿ ಅನ್ನುತ್ತಾನೆ. ಪ್ರಸಾದ ಅಂತ ಗೊತ್ತಿದ್ದು ತಿನ್ನಬಾರದು ಅನ್ನುವ ಸಭಾಪಾಲಕರು ಇದನ್ನೇ ತೋರಿಸುತ್ತಾರೆ, ಅವರ ಮಾತಿಗೆ ನನ್ನ ಗೌರವ ಇದೆ. ಬಾಮೈದ ಜೊತೆಯಲ್ಲಿ ಇಲ್ಲದಿದ್ದರೆ ನೀವು ತಿಂದದ್ದಕ್ಕೆ ನಾನು ಏನೂ ಅನ್ನುತ್ತಿರಲಿಲ್ಲ. ಆದರೆ ಬಿಡುವಾಗಲೂ ಕೊಟ್ಟವರಿಗೆ ನೋವಾಗಬಾರದು. ಕೈ ಹಿಂದೆ ಎಳೆದುಕೊಂಡು, ಅದು ಪಾಪ ಅನ್ನುವ ಮುಖ ಮಾಡಿದರೆ ಅದು ಅವರಿಗೆ ಅವಮಾನ. ಅವರು ನಿಮಗೆ ಕೊಟ್ಟಿದ್ದು ಪ್ರೀತಿಯಿಂದ.

ಹಾಗಾಗಿ ಈ ಸಲ ಆಯುಧ ಪೂಜೆಯ ಹಿಂದಿನ ದಿನ ಎಲ್ಲರಿಗಿಂತ ಮೊದಲು ಹೋಗಿ. ಮಿಷನ್ ಕೆಳಗಿನ ಕಬ್ಬಿಣದ ಸಿಂಬೆ, ಎಣ್ಣೆ ಜಿಡ್ಡು, ಯಾರೂ ಕೈ ಹಾಕದ ಮೂಲೆ, ಅದನ್ನ ನೀವು ತೊಳೆಯಿರಿ. ಕ್ರೈಸ್ತರು ನಮ್ಮ ಹಬ್ಬದಲ್ಲಿ ಕೆಲಸ ತಪ್ಪಿಸ್ತಾರೆ ಅನ್ನುವ ಮಾತು ಬರಬಾರದು. ಹಂಚುವ ಹೊತ್ತಿಗೆ, ನಮ್ಮ ಬಾಮೈದನಿಗೋಸ್ಕರ ನಾನು ಬಿಟ್ಟಿದ್ದೀನಿ, ಬೇಜಾರು ಮಾಡ್ಕೋಬೇಡಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಸಂಬಂಧಕ್ಕೆ ಬೆಲೆ ಕೊಡುವ ಜನ ನಮ್ಮವರು, ಅರ್ಥ ಮಾಡಿಕೊಳ್ಳುತ್ತಾರೆ.

ಅದಕ್ಕಿಂತ ಮೊದಲು ಈ ಭಾನುವಾರವೇ ಅವನ ಮನೆಗೆ ಹೋಗಿ. ಸತ್ಯವೇದ ತೆಗೆದು ಕೊರಿಂಥದ ಅಧ್ಯಾಯ ಓದಿಸೋಕೆ ಹೋಗಬೇಡಿ, ಈ ಪತ್ರವನ್ನೂ ತೋರಿಸಬೇಡಿ. ಅವತ್ತು ನಾನು ನಿನ್ನನ್ನ ನೋಡಲಿಲ್ಲ ಕಣೋ, ನನ್ನನ್ನೇ ನೋಡ್ಕೊಂಡೆ ಅಂತ ಹೇಳಿ. ಆಮೇಲೆ ಅವನು ಮಾತಾಡಲಿ. ಬೈದರೂ ಬೈಸಿಕೊಳ್ಳಿ. ಊಟಕ್ಕೆ ಏಳಿ ಅಂದರೆ ಬೇಡ ಅನ್ನದೆ ಕೂತು ಉಣ್ಣಿ.